ಪಾವಗಡಕ್ಕೆ ಹೋದ ನನ್ನ ದನಿ

ನನಗೆ ಎರಡು ದುರ್ಗುಣಗಳಿವೆ ಎಂದು ನಮ್ಮ ಮನೆಯವರು ಹೇಳುತ್ತಾರೆ. ಒಂದು, ಮೂಗಿನ ತುದಿಯಲ್ಲೇ ಇರುವ ಕೋಪ. ಇನ್ನೊಂದು, ಆ ಮೂಗನ್ನು ಕಂಡಕಂಡಲ್ಲಿ ತೂರಿಸುವುದು. ಕೋಪದ ವಿಷಯ ಒಪ್ಪುತ್ತೇನೆ. ಎರಡನೆಯದನ್ನು ದುರ್ಗುಣ ಅನ್ನಲು ಮಾತ್ರ ನನಗೆ ಮನಸ್ಸಿಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳಿಗೆ ಅಷ್ಟೂ ಕುತೂಹಲ ಇಲ್ಲದಿದ್ದರೆ ಮಕ್ಕಳಿಗೆ ಎಲ್ಲಿಂದ ಬರಬೇಕು?

ನಮ್ಮ ಶಾಲೆ ಕೊರಟಗೆರೆ ತಾಲ್ಲೂಕಿನ ಕೊಳಾಲದಿಂದ ಸ್ವಲ್ಪ ಒಳಗೆ ಇದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕೂ ತಾಲ್ಲೂಕಿನ ವಿಜ್ಞಾನದ ಮೇಷ್ಟ್ರುಗಳು, ಮೇಡಂಗಳು ಸೇರಿ ಫೋನಿನಲ್ಲಿ ಒಂದು ಗ್ರೂಪು ಮಾಡಿಕೊಂಡಿದ್ದೇವೆ. ಅದರ ಜೊತೆಗೆ ಎಲ್ಲರಿಗೂ ಸೇರಿದ ಒಂದು ಫೋಲ್ಡರ್ ಇದೆ. ಲಿಂಕ್ ಒತ್ತಿದರೆ ಯಾರ ಫೋನಿನಲ್ಲಾದರೂ ತೆರೆದುಕೊಳ್ಳುತ್ತದೆ. ಪಾಠಯೋಜನೆ, ಪ್ರಶ್ನೆಪತ್ರಿಕೆ, ಚಿತ್ರ, ವಿಡಿಯೋ ಏನು ಮಾಡಿದರೂ ಅದರಲ್ಲಿ ಹಾಕಬೇಕು. ಬೇಕಾದವರು ತೆಗೆದುಕೊಂಡು ಬಳಸಬೇಕು, ಬಳಸಿದ ಮೇಲೆ ತರಗತಿಯಲ್ಲಿ ಅದು ಹೇಗಾಯಿತು ಅಂತ ಕೆಳಗೆ ಒಂದು ಸಾಲು ಬರೆಯಬೇಕು. ಇದು ನಾವೇ ಮಾಡಿಕೊಂಡ ಕಟ್ಟಳೆ. ಮೊದಲ ಅರ್ಧವನ್ನು ಎಲ್ಲರೂ ಪಾಲಿಸಿದರು. ಎರಡನೆಯ ಅರ್ಧವನ್ನು ಯಾರೂ ಪಾಲಿಸಲಿಲ್ಲ. ಏನು ಹಾಕಿದರೂ ಸಾಲುಸಾಲಾಗಿ ಕೈಮುಗಿಯುವ ಚಿತ್ರ ಬರುತ್ತಿತ್ತು, ಹಿಂದೆಯೇ ‘ಅಮೂಲ್ಯ ಮಾಹಿತಿ ಸಾರ್’ ಎಂಬ ಹೊಗಳಿಕೆ. ತೆರೆದು ನೋಡಿದ್ದಾರೋ ಇಲ್ಲವೋ ದೇವರೇ ಬಲ್ಲ.

ಒಮ್ಮೆ ಹುಲಿಕುಂಟೆ ಕಡೆಯ ಒಬ್ಬ ಮೇಷ್ಟ್ರು, ಶಿರಾದವರು, ಇಡೀ ಪ್ರಶ್ನೆಪತ್ರಿಕೆಯನ್ನು ತಮ್ಮ ಶಾಲೆಯ ಹಳೇ ಕಂಪ್ಯೂಟರಿನಲ್ಲಿ ಹಳೇ ಕನ್ನಡ ಫಾಂಟಿನಲ್ಲಿ ಕುಟ್ಟಿ ಹಾಕಿದರು. ನಮ್ಮ ಫೋನುಗಳಲ್ಲಿ ಅದು ತೆರೆದುಕೊಂಡಾಗ ಒಂದೇ ಒಂದು ಕನ್ನಡ ಅಕ್ಷರ ಇರಲಿಲ್ಲ. ಇಂಗ್ಲಿಷ್ ಅಕ್ಷರಗಳು, ಅವುಗಳ ತಲೆ ಮೇಲೆ ಚುಕ್ಕೆ, ಟೋಪಿ, ಬಾಲ. ‘ಸಾರ್, ಇದೇನು ಮಾಟದ ಯಂತ್ರ ಬರ್ದಂಗೈತಲ್ಲ’ ಅಂತ ಯಾರೋ ಹಾಕಿದರು. ತಮಾಷೆಯೆಂದರೆ, ಅದಕ್ಕೂ ಅಷ್ಟರಲ್ಲಾಗಲೇ ‘ಅಮೂಲ್ಯ ಮಾಹಿತಿ’ ಬಂದುಬಿಟ್ಟಿತ್ತು.

ನನಗೆ ಫೋನಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತುವ ತಾಳ್ಮೆ ಇಲ್ಲ. ಮಾತಾಡು ಅಂದರೆ ಸಂಜೆಯವರೆಗೂ ಆಡುತ್ತೇನೆ. ಹಾಗಾಗಿ ನಾನು ಆಡಿಯೋ ಹಾಕಲು ಶುರುಮಾಡಿದೆ. ಮನೆಯಲ್ಲಿ ರೆಕಾರ್ಡ್ ಮಾಡಹೋದರೆ ಕುಕ್ಕರಿನ ಸೀಟಿ, ಟೀವಿ, ಗೇಟಿನಲ್ಲಿ ಸೊಪ್ಪಿನವಳ ಕೂಗು. ಆದ್ದರಿಂದ ಹತ್ತನೇ ತರಗತಿಯಲ್ಲಿ ಪಾಠ ಮಾಡುವಾಗಲೇ ಮೇಜಿನ ಮೇಲೆ ಡಸ್ಟರಿಗೆ ಒರಗಿಸಿ ಫೋನ್ ಇಟ್ಟುಬಿಡುತ್ತಿದ್ದೆ. ನನ್ನ ಪಾಠದ ಜೊತೆಗೆ ನನ್ನ ಬೈಗುಳವೂ ಅದರಲ್ಲಿ ಸೇರುತ್ತಿತ್ತು. ‘ಲೇ ಹಿಂದಿನ್ ಬೆಂಚು, ನೆಟ್ಟಗೆ ಕೂತ್ಕಳ್ರೋ’ ಎನ್ನುವುದು ಒಂದೊಂದು ಆಡಿಯೋದಲ್ಲಿ ನಾಲ್ಕು ಸಲವಾದರೂ ಬರುತ್ತದೆ. ಅದನ್ನೆಲ್ಲ ಕತ್ತರಿಸುವ ವಿದ್ಯೆ ನನಗೆ ಬಾರದು.

ನನ್ನ ಆಡಿಯೋಗಳಿಗೂ ಕೈಮುಗಿದರು. ಹೀಗಿರುವಾಗ ಒಂದು ದಿನ ಬೆಳಕಿನ ಪಾಠದ ಕೆಳಗೆ ನಿಜವಾದ ಒಂದು ಸಾಲು ಕಾಣಿಸಿತು. ಬರೆದವರ ಹೆಸರಿನ ಜಾಗದಲ್ಲಿ ‘ಸೈನ್ಸ್ ಲ್ಯಾಬ್’ ಅಂತಷ್ಟೇ ಇತ್ತು. ‘ಪ್ರಶ್ನೆ ಕೇಳಿದ ತಕ್ಷಣ ಉತ್ತರ ಹೇಳಿಬಿಡುತ್ತೀರಿ. ಸ್ವಲ್ಪ ಹೊತ್ತು ಬಿಡಿ. ಇಲ್ಲಿ ಮಕ್ಕಳು ಇನ್ನೂ ಯೋಚಿಸುತ್ತಿರುತ್ತಾರೆ.’

ಮೊದಲು ಸಿಟ್ಟು ಬಂತು. ಯಾರಿವರು ನನಗೆ ಹೇಳಿಕೊಡುವುದಕ್ಕೆ? ಆಮೇಲೆ ಆ ‘ಇಲ್ಲಿ’ ಎಂಬ ಪದ ತಲೆಗೆ ಹುಳ ಬಿಟ್ಟಿತು. ಇಲ್ಲಿ ಎಂದರೆ ಎಲ್ಲಿ? ನಾನು ಆಡಿಯೋ ಹಾಕಿದ್ದು ಬೇರೆ ಮೇಷ್ಟ್ರುಗಳು ಕೇಳಿ, ಬೇಕಾದ್ದನ್ನು ಹೆಕ್ಕಿಕೊಂಡು, ತಮ್ಮ ಪಾಠ ತಾವು ಮಾಡಲಿ ಎಂದು. ಇವರು ನನ್ನ ದನಿಯನ್ನೇ ತರಗತಿಯಲ್ಲಿ ಹಾಕಿ ಕೂರಿಸುತ್ತಿದ್ದಾರೆಯೇ?

ಮುಂದಿನ ಪಾಠಕ್ಕೂ ಸಾಲು ಬಂತು. ‘ಮಧ್ಯದಲ್ಲಿ ನಿಮ್ಮ ಶಾಲೆ ಗಂಟೆ ಹೊಡೆದದ್ದು ಕೇಳುತ್ತದೆ. ಅದನ್ನು ತೆಗೆಯಬೇಡಿ. ಮಕ್ಕಳಿಗೆ ಇಷ್ಟ.’ ಬೇರೆ ಶಾಲೆಯ ಗಂಟೆಯಲ್ಲಿ ಇಷ್ಟಪಡುವಂಥದ್ದು ಏನಿದೆ? ಮತ್ತೊಂದು ಪಾಠದಲ್ಲಿ ನಾನು, ‘ಸೋಲಾರ್ ಪ್ಯಾನೆಲ್ ಹತ್ತಿರದಿಂದ ನೀವ್ಯಾರೂ ನೋಡಿರಲಿಕ್ಕಿಲ್ಲ’ ಎಂದಿದ್ದೆ. ಅದಕ್ಕೆ ಉತ್ತರ: ‘ನಮ್ಮ ಮಕ್ಕಳು ಮನೆ ಬಾಗಿಲು ತೆಗೆದರೆ ಕಾಣುವುದೇ ಅದು.’

ಅಲ್ಲಿಗೆ ಒಂದು ಸುಳಿವು ಸಿಕ್ಕಿತು. ಕಣ್ಣು ಹಾಯಿಸಿದಷ್ಟು ದೂರ ಪ್ಯಾನೆಲ್ಲುಗಳು ಹಾಸಿರುವುದು ಪಾವಗಡದ ಕಡೆ. ಗ್ರೂಪಿನಲ್ಲಿ ಆ ತಾಲ್ಲೂಕಿನವರ ನಂಬರುಗಳನ್ನು ಹುಡುಕಿ ಒಬ್ಬೊಬ್ಬರಿಗೇ ಫೋನ್ ಮಾಡಿದೆ. ಎತ್ತಿದವರೆಲ್ಲ ‘ನಾನಲ್ಲ ಮೇಡಂ’ ಎಂದರು. ಒಬ್ಬರು ಮಾತ್ರ ಎತ್ತಲಿಲ್ಲ. ರಿಂಗಾಗಿ ಕಟ್ಟಾಗುತ್ತಿತ್ತು, ಮರುಕ್ಷಣವೇ ಮೆಸೇಜು: ‘ಈಗ ಮಾತಾಡಲು ಆಗುವುದಿಲ್ಲ.’ ಬೆಳಿಗ್ಗೆ ಮಾಡಿದರೂ ಅದೇ, ಊಟದ ಬಿಡುವಿನಲ್ಲಿ ಮಾಡಿದರೂ ಅದೇ. ಏನು ಕೊಬ್ಬಪ್ಪಾ ಎಂದುಕೊಂಡೆ.

ಹಳೇ ಫಾಂಟಿನ ಆ ಶಿರಾ ಮೇಷ್ಟ್ರಿಗೆ ಇದನ್ನು ಹೇಳಿದ್ದೇ ತಡ, ಅವರು ನಗತೊಡಗಿದರು. “ಅಯ್ಯೋ ಮೇಡಂ, ಜಬರ್ದಸ್ತ್ ಐಡಿಯಾ ಕಣ್ರೀ! ನಿಮ್ ವಾಯ್ಸ್ ಅಲ್ಲಿ ಡ್ಯೂಟಿ ಮಾಡ್ತೈತೆ, ಆ ಮಹಾರಾಯ್ರು ಕುರ್ಚಿ ಮ್ಯಾಲೆ ಆರಾಮಾಗಿ ತೂಕಡುಸ್ತಾವ್ರೆ. ಮಜಾ ಅಂದ್ರೆ ಇದು ನೋಡಿ.”

ನಾನೂ ನಕ್ಕೆ. ಆದರೆ ನನಗೆ ಅದು ಪೂರ್ತಿ ನಂಬಿಕೆಯಾಗಲಿಲ್ಲ. ತೂಕಡಿಸುವವರಿಗೆ ಎಲ್ಲಿ ಗಂಟೆ ಹೊಡೆಯಿತು, ಎಲ್ಲಿ ಬಿಡುವು ಸಾಲಲಿಲ್ಲ ಎಂದು ಹೇಗೆ ಗೊತ್ತಾಗುತ್ತದೆ? ಅದೂ ಅಲ್ಲದೆ, ನಿಜ ಹೇಳುತ್ತೇನೆ, ಎಲ್ಲೋ ಕಾಣದ ತರಗತಿಯಲ್ಲಿ ಕಾಣದ ಮಕ್ಕಳು ನನ್ನ ಪಾಠ ಕೇಳುತ್ತಿದ್ದಾರೆ ಎಂಬುದು ಒಳಗೊಳಗೇ ಹೆಮ್ಮೆಯನ್ನೂ ತಂದಿತ್ತು.

ಮಧುಗಿರಿಯಲ್ಲಿ ವಿಜ್ಞಾನ ಶಿಕ್ಷಕರ ಸಭೆ ನಡೆದಾಗ ಗುಟ್ಟು ಬಯಲಾಯಿತು. ಟೀ ಬಿಡುವಿನಲ್ಲಿ ನಾನು ಯಾರದೋ ಜೊತೆ ಜೋರಾಗಿ ಮಾತಾಡುತ್ತ ನಿಂತಿದ್ದೆ. ಹಿಂದಿನಿಂದ ಒಬ್ಬರು ನನ್ನ ತೋಳು ಮುಟ್ಟಿದರು. ನನಗಿಂತ ಸ್ವಲ್ಪ ಕಿರಿಯ ಹೆಂಗಸು, ಕತ್ತಿಗೆ ತೆಳುವಾದ ಹತ್ತಿಯ ಶಾಲು ಸುತ್ತಿಕೊಂಡಿದ್ದರು. ನನ್ನನ್ನು ನೋಡಿ ತುಂಬ ಪರಿಚಯದವರಂತೆ ನಕ್ಕು, ತಮ್ಮ ಫೋನನ್ನು ನನ್ನ ಮುಖಕ್ಕೆ ಹಿಡಿದರು. ಅದರಲ್ಲಿ ಬರೆದಿತ್ತು: ‘ಕೆಮ್ಮು ಕಡಿಮೆ ಆಯ್ತಾ? ಹೋದ ವಾರದ ಪಾಠದಲ್ಲಿ ತುಂಬಾ ಕೆಮ್ತಿದ್ರಿ.’

‘ಸೈನ್ಸ್ ಲ್ಯಾಬ್’ ಎಂದರೆ ಇವರೇ!

ಇಬ್ಬರೂ ಜಗುಲಿಯ ಮೇಲೆ ಕೂತೆವು. ಅವರು ಟೈಪ್ ಮಾಡುವುದು, ನಾನು ಓದುವುದು. ಪಾವಗಡದಿಂದ ಆಚೆ, ಆಂಧ್ರದ ಗಡಿಗೆ ಅಂಟಿಕೊಂಡ ಹಳ್ಳಿಯ ಹೈಸ್ಕೂಲು ಅವರದು. ವರ್ಷಗಟ್ಟಲೆ ಮಕ್ಕಳೆದುರು ಗಂಟಲು ಹರಿದುಕೊಂಡು ಗಂಟಲಲ್ಲಿ ಗಂಟು ಬೆಳೆದಿತ್ತು. ಆಪರೇಷನ್ ಮಾಡಿ ತೆಗೆದರು. ಪೂರಾ ವಾಸಿಯಾಗುವ ತನಕ ಮಾತಾಡಕೂಡದು, ಪಿಸುಮಾತಂತೂ ಇನ್ನೂ ಕೆಟ್ಟದ್ದು, ಹಟ ಮಾಡಿ ಮಾತಾಡಿದರೆ ದನಿ ಶಾಶ್ವತವಾಗಿ ಹೋಗಬಹುದು ಎಂದು ಡಾಕ್ಟರು ಹೇಳಿದ್ದರು.

“ಮತ್ತೆ ರಜಾ ಹಾಕಿ ಮನೇಲಿರೋದಲ್ವೇನ್ರೀ?” ಎಂದೆ.

ಅವರು ತಲೆಯಾಡಿಸಿ ಬಹಳ ಹೊತ್ತು ಟೈಪ್ ಮಾಡಿದರು. ‘ರಜೆ ಹಾಕಿದರೆ ನನ್ನ ಜಾಗಕ್ಕೆ ಯಾರೂ ಬರುವುದಿಲ್ಲ. ಪಕ್ಕದ ಶಾಲೆಯವರು ಯಾವಾಗಲೋ ಒಮ್ಮೆ ಬಂದು ಹೋಗುತ್ತಾರೆ. ಹತ್ತನೇ ಕ್ಲಾಸು, ಪರೀಕ್ಷೆ ವರ್ಷ. ಇನ್ನೊಂದು ಭಯವೂ ಇದೆ. ಮಾತು ಬರದವರು ಪಾಠ ಹೇಗೆ ಮಾಡುತ್ತಾರೆ, ಆಫೀಸಿನಲ್ಲಿ ಕೂತು ಫೈಲು ನೋಡಿಕೊಳ್ಳಲಿ ಎಂದುಬಿಟ್ಟರೆ? ನನಗೆ ತರಗತಿ ಬೇಕು.’

ಕೊನೆಯ ಮೂರು ಪದ ಓದುವಾಗ ನನಗೆ ಕಣ್ಣು ತುಂಬಿಬಂತು. ನಮ್ಮಲ್ಲಿ ಎಷ್ಟು ಜನ ತರಗತಿ ತಪ್ಪಿದರೆ ಸಾಕು ಎಂದು ಕಾಯುವುದಿಲ್ಲ! ಅವರ ಶಾಲೆಯಲ್ಲಿ ಎಲ್ಲರಿಗೂ ಇದು ಗೊತ್ತಿತ್ತು, ಯಾರೂ ಹೊರಗೆ ಬಾಯಿ ಬಿಟ್ಟಿರಲಿಲ್ಲ. ನಾನೂ ಬಿಡುವುದಿಲ್ಲ ಎಂದು ಮಾತು ಕೊಟ್ಟೆ.

“ಗಂಟೆ ಯಾಕ್ ಬೇಕು ನಿಮ್ ಮಕ್ಳಿಗೆ?” ಅದನ್ನು ಕೇಳದೆ ಹೋಗಿದ್ದರೆ ನನಗೆ ನಿದ್ದೆ ಬರುತ್ತಿರಲಿಲ್ಲ.

ಅವರು ನಗುತ್ತ ಬರೆದರು. ‘ನಿಮ್ಮ ಗಂಟೆ ಮೊದಲು ಹೊಡೆಯುತ್ತದೋ ನಮ್ಮದೋ ಎಂದು ಪಂದ್ಯ ಕಟ್ಟುತ್ತಾರೆ.’

ಅಂದಿನಿಂದ ನಾವಿಬ್ಬರೂ ಸೇರಿ ಪಾಠ ಕಟ್ಟತೊಡಗಿದೆವು. ಫೋಲ್ಡರಿನಲ್ಲಿ ಒಂದು ಕಡತ ತೆರೆದು ಶಾಲೆ ಬಿಟ್ಟ ಮೇಲೆ ಇಬ್ಬರೂ ಅದರೊಳಗೆ ಕೂರುತ್ತಿದ್ದೆವು. ನಾನು ಕೊಳಾಲದ ಕಡೆ, ಅವರು ಆಂಧ್ರದ ಅಂಚಿನಲ್ಲಿ. ನಾನು ನೋಡುತ್ತಿದ್ದ ಹಾಗೆಯೇ ಅವರ ಸಾಲು ಒಂದೊಂದೇ ಅಕ್ಷರ ಮೂಡಿ ಬರುತ್ತಿತ್ತು. ತಪ್ಪು ಬರೆದು ಅಳಿಸಿಕೊಳ್ಳುವುದೂ ಕಾಣುತ್ತಿತ್ತು. ಯೋಚಿಸುತ್ತಿದ್ದಾರೆ ಎಂದರೆ ಅವರ ಕರ್ಸರಿನ ಬಣ್ಣದ ಗೀಟು ಒಂದೇ ಕಡೆ ನಿಂತು ಮಿಣುಕುತ್ತಿತ್ತು. ಒಬ್ಬರು ಯೋಚಿಸುವುದನ್ನು ಅಷ್ಟು ಹತ್ತಿರದಿಂದ ನಾನು ಎಂದೂ ನೋಡಿರಲಿಲ್ಲ. ನೆರೆಮನೆಯ ಅಡುಗೆಮನೆಯಲ್ಲಿ ಏನು ಬೇಯುತ್ತಿದೆ ಎಂದು ಇಣುಕುವ ನನ್ನಂಥವಳಿಗೆ ಇದಕ್ಕಿಂತ ಸುಖ ಬೇರೆ ಇಲ್ಲ.

ಪಾಠವನ್ನು ಅವರು ಬರೆಯುವುದು, ನಾನು ನನ್ನ ತರಗತಿಯಲ್ಲಿ ಹೇಳಿ ರೆಕಾರ್ಡ್ ಮಾಡುವುದು. ಜಗಳವೂ ಆಗುತ್ತಿತ್ತು. ಜಗಳಕ್ಕೆ ಕಾರಣ ಯಾವಾಗಲೂ ಒಂದೇ. ಪ್ರತಿ ಪ್ರಶ್ನೆಯ ಮುಂದೆ ಅವರು ‘ಇಲ್ಲಿ ಸುಮ್ಮನಿರಿ’ ಎಂದು ಬರೆಯುತ್ತಿದ್ದರು. ಒಂದು ಪಾಠದಲ್ಲಿ ಅಷ್ಟು ಸಲ ನನ್ನನ್ನು ಸುಮ್ಮನಿರು ಎಂದವರು ಯಾರೂ ಇಲ್ಲ, ನನ್ನ ಅತ್ತೆಯವರೂ ಸೇರಿದ ಹಾಗೆ. ನಾನು ಅವನ್ನು ಅಳಿಸುತ್ತಿದ್ದೆ, ಅವರು ಮತ್ತೆ ಬರೆಯುತ್ತಿದ್ದರು. ‘ಅಷ್ಟು ಹೊತ್ತು ಸುಮ್ಮನಿದ್ದರೆ ಫೋನು ಕೆಟ್ಟಿದೆ ಅಂದುಕೊಳ್ಳುತ್ತಾರೆ’ ಎಂದು ನಾನು ಬರೆದೆ. ‘ನಮ್ಮ ಮಕ್ಕಳು ಹಾಗೆ ಅಂದುಕೊಳ್ಳುವುದಿಲ್ಲ’ ಎಂದು ಅವರು ಬರೆದರು. ಕೊನೆಗೆ ನಾನೇ ಸೋತೆ. ಸುಮ್ಮನಿದ್ದಾಗ ನನ್ನ ತರಗತಿಯಲ್ಲೂ ಎರಡು ಮೂರು ಕೈ ಮೇಲೇಳತೊಡಗಿದವು. ಅದುವರೆಗೆ ಆ ಕೈಗಳು ಎಲ್ಲಿದ್ದವೋ.

ಕೆಲಸ ಕೆಟ್ಟದ್ದು ಶಿರಾ ಮೇಷ್ಟ್ರಿಂದ. ಒಳ್ಳೆಯ ಮನುಷ್ಯ, ನಾಲಿಗೆಗೆ ಮಾತ್ರ ಬ್ರೇಕಿಲ್ಲ. ನನ್ನ ಮೌನವನ್ನು ನೋಡಿ ಅವರು ತಮ್ಮ ಊಹೆಯೇ ನಿಜವೆಂದುಕೊಂಡಿದ್ದರು. ಒಂದು ಬೆಳಿಗ್ಗೆ ನಮ್ಮ ಗ್ರೂಪಿಗೆಂದು ಒಂದು ತಮಾಷೆ ಬರೆದರು: ‘ಪಾವಗಡದ ಕಡೆ ಒಂದು ಶಾಲೆಯಲ್ಲಿ ಟೇಪ್ ರೆಕಾರ್ಡರ್ರೇ ಸೈನ್ಸ್ ಟೀಚರ್ರು, ಟೀಚರ್ರಿಗೆ ಫುಲ್ ರೆಸ್ಟು.’ ಅದು ಹೋಗಿ ಬಿದ್ದದ್ದು ಇಲಾಖೆಯ ಗ್ರೂಪಿಗೆ. ಅಲ್ಲಿ ಮಧುಗಿರಿಯ ವಿಷಯ ಪರಿವೀಕ್ಷಕರೂ ಇದ್ದರು, ಅಂದರೆ ನಮ್ಮ ವಿಜ್ಞಾನ ಪಾಠಗಳನ್ನು ಬಂದು ನೋಡುವ ಅಧಿಕಾರಿ. ತಪ್ಪು ಗೊತ್ತಾದೊಡನೆ ಮೇಷ್ಟ್ರು ಗಾಬರಿಯಿಂದ ಅಳಿಸಿದರು. ಅಳಿಸುವಾಗ ‘ಎಲ್ಲರಿಗೂ’ ಎಂಬುದರ ಬದಲು ‘ನನಗೆ ಮಾತ್ರ’ ಎಂಬುದನ್ನು ಒತ್ತಿದರು. ಅವರ ಫೋನಿನಿಂದ ತಮಾಷೆ ಮಾಯವಾಯಿತು, ಉಳಿದ ಎಲ್ಲರ ಫೋನಿನಲ್ಲೂ ಗುಂಡುಕಲ್ಲಿನ ಹಾಗೆ ಕೂತಿತ್ತು. ಬದುಕಿದೆಯಾ ಬಡಜೀವವೇ ಎಂದು ಅವರು ನೆಮ್ಮದಿಯಾಗಿ ಚಿತ್ರಾನ್ನ ತಿಂದರಂತೆ.

ಸಂಜೆಗೆ ಪಾವಗಡದಿಂದ ನನಗೆ ಮೆಸೇಜು ಬಂತು. ‘ಆ ತಮಾಷೆ ಓದಿ ಸಾಹೇಬರು ಶಾಲೆ ಯಾವುದೆಂದು ಪತ್ತೆ ಮಾಡಿದ್ದಾರೆ, ಗುರುವಾರ ನನ್ನ ಪಾಠ ನೋಡಲು ಬರುತ್ತಾರಂತೆ. ನನಗೆ ಮಾತಾಡಲು ಆಗುವುದಿಲ್ಲ. ನೀವು ಬರುತ್ತೀರಾ?’

ಶಿರಾ ಮೇಷ್ಟ್ರಿಗೆ ಫೋನ್ ಮಾಡಿ ಬಾಯಿಗೆ ಬಂದ ಹಾಗೆ ಬೈದೆ, ಆಮೇಲೆ ಕೊಟ್ಟ ಮಾತು ಮುರಿದು ವಿಷಯ ಹೇಳಿದೆ. “ಯಾ ಅಲ್ಲಾ ಅನ್ನಂಗಾಯ್ತಲ್ಲ ಮೇಡಂ,” ಎಂದರು. ತಮ್ಮೂರಿನ ಗೆಳೆಯರಿಂದ ಕಲಿತ ಉದ್ಗಾರ ಅದು. “ನಾನ್ ಬರ್ತೀನಿ ಕಣ್ರೀ. ಕಾರ್ ತತ್ತೀನಿ. ಸಾಹೇಬ್ರ ಕಾಲಿಗ್ ಬೇಕಾದ್ರೂ ಬೀಳ್ತೀನಿ.”

ಗುರುವಾರ ಮಧುಗಿರಿ ಬಸ್‌ಸ್ಟ್ಯಾಂಡಿನಿಂದ ಇಬ್ಬರೂ ಹೊರಟೆವು. ದಾರಿಯುದ್ದಕ್ಕೂ ನಾನು ಸಾಹೇಬರಿಗೆ ಹೇಳಬೇಕಾದ ಭಾಷಣವನ್ನು ಗಟ್ಟಿಮಾಡಿಕೊಳ್ಳುತ್ತಿದ್ದೆ. ಕಣ್ಣಿಲ್ಲದವರು ಪಾಠ ಮಾಡುವುದಿಲ್ಲವೇ, ಕಾಲಿಲ್ಲದವರು ಮಾಡುವುದಿಲ್ಲವೇ ಎಂದೆಲ್ಲ. ಮೇಷ್ಟ್ರು ‘ಬೊಂಬಾಟಾಗೈತೆ’ ಎಂದು ತಲೆಯಾಡಿಸುತ್ತ ಕಾರು ಓಡಿಸುತ್ತಿದ್ದರು. ಪಾವಗಡ ದಾಟಿದ ಮೇಲೆ ಅಂಗಡಿಗಳ ಮುಂದೆ ತೆಲುಗು ಮಾತು ಹೆಚ್ಚಾಯಿತು. ಬಯಲಿನಲ್ಲಿ ಪ್ಯಾನೆಲ್ಲುಗಳು ಶುರುವಾದವು.

ನಾವು ಹೋಗುವಷ್ಟರಲ್ಲಿ ಸಾಹೇಬರು ಬಂದಿದ್ದರು. ಹತ್ತನೇ ತರಗತಿಯ ಹಿಂಭಾಗದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಗಂಟಲಿನ ವಿಷಯ ಹೇಳಿ, ಆಫೀಸಿಗೆ ಹಾಕಬೇಡಿ ಎಂದು ಟೀಚರ್ರು ಬರೆದುಕೊಟ್ಟ ಚೀಟಿ ಅವರ ಕೈಯಲ್ಲಿತ್ತು. ಟೀಚರ್ರು ಕರಿಹಲಗೆಯ ಹತ್ತಿರ ನಿಂತಿದ್ದರು, ಮುಖ ಬಿಳಿಚಿಕೊಂಡಿತ್ತು. ನಾನು ಬಾಗಿಲಲ್ಲಿ ನಿಂತು, “ನಮಸ್ಕಾರ ಸಾರ್, ಒಳಗ್ ಬರ್ಬೋದಾ?” ಎಂದೆನಷ್ಟೇ. ಇಡೀ ತರಗತಿ ಒಟ್ಟಿಗೆ ನನ್ನ ಕಡೆ ತಿರುಗಿತು. ಹಿಂದಿನ ಬೆಂಚಿನಲ್ಲಿ ಒರಗಿ ಕೂತಿದ್ದ ಹುಡುಗರು ದಡಕ್ಕನೆ ನೆಟ್ಟಗೆ ಕೂತರು.

“ಲೇ, ಬಾಕ್ಸ್ ಮಿಸ್ಸು ಬಂದವ್ರೆ ಕಣ್ಲಾ!” ಎಂದ ಒಬ್ಬ.

ನನ್ನ ಹೆಸರು ಅಲ್ಲಿ ಬಾಕ್ಸ್ ಮಿಸ್ಸು. ಮೇಜಿನ ಮೇಲೆ ಒಂದು ಪುಟ್ಟ ಕಪ್ಪು ಸ್ಪೀಕರ್ ಇತ್ತು, ನಾನು ಅದರೊಳಗಿನವಳು. ಸಾಹೇಬರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನಾನು ಭಾಷಣಕ್ಕೆ ಗಂಟಲು ಸರಿಮಾಡಿಕೊಂಡೆ.

“ಕೂತ್ಕಳಿ ಮೇಡಂ,” ಎಂದರು ಅವರು. “ಪೆಟ್ಟಿಗೇಲಿ ಹೆಂಗೂ ನಿಮ್ದೇ ಮಾತು ಕೇಳ್ಬೇಕಲ್ಲ. ಈಗ ಸುಮ್ನಿರಿ.”

ನಾನು ಕೂತೆ. ಪಕ್ಕದಲ್ಲಿ ಮೇಷ್ಟ್ರು ಕೈಕಟ್ಟಿ ಕೂತರು.

ಅಂದಿನ ಪಾಠ ಆಮ್ಲ, ಪ್ರತ್ಯಾಮ್ಲ. ಟೀಚರ್ರು ಸ್ಪೀಕರ್ ಹಾಕಿದರು. ‘ಮಕ್ಕಳೇ, ಆರತಿ ತಟ್ಟೆಯ ನೀರು ಕೆಂಪಗೆ ಯಾಕಿರುತ್ತೆ?’ ಎಂದು ನನ್ನ ದನಿ ಕೇಳಿತು, ಸುಮ್ಮನಾಯಿತು. ಆಗ ನಾನು ನೋಡಿದೆ, ನನ್ನ ಬಿಡುವಿನಲ್ಲಿ ಏನು ನಡೆಯುತ್ತದೆ ಎಂದು. ಟೀಚರ್ರು ಬೆಂಚುಗಳ ನಡುವೆ ಓಡಾಡಿದರು. ಒಬ್ಬಳ ಡೆಸ್ಕು ತಟ್ಟಿದರು, ಅವಳು ಎದ್ದು, “ಸುಣ್ಣ ಹಾಕ್ತಾರೆ ಮಿಸ್” ಎಂದಳು. ಪಕ್ಕದವನ ಕಡೆ ಹುಬ್ಬು ಏರಿಸಿದರು, ಅವನು, “ಅರಿಶಿಣ ಮೊದ್ಲು ಇರ್ತೈತೆ, ಅದಕ್ಕೆ ಸುಣ್ಣ” ಎಂದು ಸೇರಿಸಿದ. ಮೂರನೆಯವಳಿಗೆ ಕೈಬೆರಳು ತಿರುಗಿಸಿ ಯಾಕೆ ಎಂದು ಕೇಳಿದರು. ಅರಿಶಿಣ ಬಳಿದ ಕಾಗದದ ಚೂರುಗಳನ್ನು ಹಂಚಿ, ಒಂದು ಲೋಟದಲ್ಲಿ ಹುಣಸೆ ನೀರು, ಇನ್ನೊಂದರಲ್ಲಿ ಸೋಪಿನ ನೀರು ಇಟ್ಟರು. ಒಬ್ಬ ಅದ್ದಿದ್ದೇ, “ಎರ್ರಗಾ ಐಂದಿ ಮಿಸ್!” ಎಂದು ಕೂಗಿದ. ಹಿಂದಿನಿಂದ ಇನ್ನೊಬ್ಬ, “ಕೆಂಪಾಯ್ತು ಅನ್ಲಾ, ಸಾಹೇಬ್ರು ಕೂತವ್ರೆ” ಎಂದು ತಿದ್ದಿದ. ಎಲ್ಲರೂ ನಕ್ಕರು. ಸೋಪಿನ ನೀರಲ್ಲಿ ಕೆಂಪು, ಹುಣಸೆಯಲ್ಲಿ ಯಾಕಿಲ್ಲ ಎಂದು ಒಬ್ಬಳು ಕೇಳಿದಳು, ಇನ್ನೊಬ್ಬಳು ಹೇಳಿದಳು, ಮತ್ತೊಬ್ಬ ಅದು ಹಾಗಲ್ಲ ಎಂದ. ಟೀಚರ್ರು ಕೈಸನ್ನೆಯಲ್ಲೇ ಆ ಜಗಳವನ್ನು ನಡೆಸಿದರು. ನನ್ನ ಆಡಿಯೋವನ್ನು ನಿಲ್ಲಿಸಿ ಎಷ್ಟೋ ಹೊತ್ತಾಗಿತ್ತು, ಅದನ್ನು ಮತ್ತೆ ಹಾಕುವ ನೆನಪೂ ಯಾರಿಗೂ ಇದ್ದಂತೆ ಕಾಣಲಿಲ್ಲ.

ನನ್ನ ತರಗತಿಯಲ್ಲಿ ಮಕ್ಕಳು ಅಷ್ಟು ಮಾತಾಡಿದ್ದನ್ನು ನಾನು ಯಾವತ್ತೂ ಕೇಳಿಲ್ಲ. ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ.

ಸಾಹೇಬರು ಎದ್ದು ಮುಂದೆ ಬಂದರು. ಮೊದಲ ಸಾಲಿನ ಒಬ್ಬಳು ಹುಡುಗಿಯನ್ನು ಎಬ್ಬಿಸಿದರು. ಟೀಚರ್ರು ತಮ್ಮ ಶಾಲಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದರು.

“ನಿಂಗೆ ಸೈನ್ಸ್ ಹೇಳ್ಕೊಡೋರು ಯಾರಮ್ಮ?”

ಹುಡುಗಿ ಟೀಚರ್ರನ್ನು ತೋರಿಸಿದಳು.

“ಅವ್ರು ಒಂದ್ ಮಾತೂ ಆಡ್ಲಿಲ್ವಲ್ಲ. ಪಾಠ ಎಲ್ಲ ಆ ಬಾಕ್ಸಿಂದ ಬಂತು, ಇವ್ರುದು.” ಅವರ ಬೆರಳು ನನ್ನ ಕಡೆ ಬಂತು.

ಹುಡುಗಿ ನನ್ನ ಮುಖ ನೋಡಿದಳು, ಸ್ವಲ್ಪ ಅಳುಕಿದಳು, ಆದರೂ ಹೇಳಿದಳು. “ಅದು ಬರೀ ಮಾತು ಸಾರ್. ಪಾಠ ಮಾಡೋದು ನಮ್ ಮಿಸ್ಸು.”

ನನ್ನ ಮುಖ ಎಷ್ಟು ಸಪ್ಪಗಾಗಿರಬೇಕೆಂದರೆ, ಶಿರಾ ಮೇಷ್ಟ್ರು ಮೆಲ್ಲಗೆ ನನ್ನ ಕೈ ತಟ್ಟಿದರು. ಇಷ್ಟು ತಿಂಗಳು ನಾನು ಪಾವಗಡಕ್ಕೆ ಪಾಠ ಹೇಳುತ್ತಿದ್ದೇನೆ ಎಂದು ಬೀಗಿದ್ದೆನಲ್ಲ! ಸಪ್ಪಗಾದ ಆ ಮುಖದಲ್ಲೇ ನನಗೆ ನಗುವೂ ಬಂತು. ಭಾಷಣದ ಅಗತ್ಯವೇ ಇರಲಿಲ್ಲ.

ಸಾಹೇಬರು ಹುಡುಗಿಯನ್ನು ಕೂರಿಸಿ, ಟೀಚರ್ರ ಚೀಟಿಯನ್ನು ಮಡಚಿ ಜೇಬಿಗಿಟ್ಟರು. ಆಮೇಲೆ ಟೀಚರ್ರ ಕಡೆ ತಿರುಗಿದರು.

“ಆಫೀಸು ಗೀಫೀಸು ಏನೂ ಬೇಡ. ನೀವು ಇಲ್ಲೇ ಇರಿ ಅಮ್ಮಾ. ಪರೀಕ್ಷೆ ಮುಗಿಯೋಗಂಟ ಇಂಗೇ ನಡೀಲಿ. ಯಾರಾದ್ರೂ ಕೇಳಿದ್ರೆ ನಾನು ನೋಡಿದೀನಿ ಅನ್ನಿ.”

ಟೀಚರ್ರ ಕಣ್ಣಲ್ಲಿ ನೀರು ಉಕ್ಕಿತು. ಅವರು ಒಂದು ಹೆಜ್ಜೆ ಮುಂದೆ ಬಂದರು. ಎಲ್ಲವನ್ನೂ ಮರೆತು, ಏನೋ ಹೇಳಲೆಂದು ಬಾಯಿ ತೆರೆದರು.

“ಮಾತಾಡ್ಬ್ಯಾಡಿ ಮಿಸ್!”

ಇಡೀ ತರಗತಿ ಒಟ್ಟಿಗೆ ಕೂಗಿತ್ತು. ಮುಂದಿನ ಬೆಂಚಿನವರು ಎದ್ದೇ ನಿಂತಿದ್ದರು. ಟೀಚರ್ರು ಬಾಯಿ ಮುಚ್ಚಿಕೊಂಡು ಸಾಹೇಬರಿಗೆ ಕೈ ಮುಗಿದರು.